ನರ್ಸಮ್ಮನಿಗೆ ಮುಟ್ಟದ ಸೀರೆ

ಬಂಗಾರಪೇಟೆ ಆಸ್ಪತ್ರೆಯ ಬೆಂಚಿನ ಮೇಲೆ, ಹೆರಿಗೆಗೆ ಬಂದ ಮಗಳ ಚೀಲ ಬಿಚ್ಚಿದೆ. ಹರಳೆಣ್ಣೆ ಸೀಸೆ ಸೋರಿ, ಮಗುವನ್ನು ಸುತ್ತಲೆಂದು ನನ್ನ ಹೆಂಡತಿ ಇಟ್ಟಿದ್ದ ಹಳೇ ನೂಲಿನ ಸೀರೆಗೆ ಹತ್ತಿತ್ತು. ಆ ವಾಸನೆಗೆ ನರ್ಸಮ್ಮ ನೆನಪಾದರು...

ಚಿನ್ನದ ಗಣಿ ಇನ್ನೂ ನಡೆಯುತ್ತಿದ್ದ ಕಾಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಗಣಿಗೆ ಇಳಿದವನು ನಾನು. ಯಾರ ಮುಂದೆಯೂ ಕೈಚಾಚಿದವನಲ್ಲ. ಚೊಚ್ಚಲ ಹೆರಿಗೆಗೂ ಹೆಂಡತಿಯನ್ನು ಬೂದಿಕೋಟೆಯ ತವರಿಗೆ ಕಳಿಸದೆ, ಗಣಿಯವರು ಕೊಟ್ಟಿದ್ದ ಕೋರಮಂಡಲ್ ಲೈನಿನ ಮನೆಯಲ್ಲೇ ಇಟ್ಟುಕೊಂಡೆ. ನೋವು ಶುರುವಾದ ದಿನ ಬೆಳಿಗ್ಗೆ, ಲೈನಿನ ಮನೆಗಳಿಗೆ ಬಂದು ಹೆರಿಗೆ ಮಾಡಿಸುತ್ತಿದ್ದ ನರ್ಸಮ್ಮ ಒಂದು ಸೂಜಿ ಹಾಕಿದ್ದರು. ಹೆಂಡತಿ ಒಂದೆರಡು ಸಲ ವಾಂತಿ ಮಾಡಿ ಮಂಪರಿಗೆ ಜಾರಿದಳು. ಮಧ್ಯಾಹ್ನಕ್ಕೆ ಮತ್ತೆ ಕಿರುಚಾಟ.

"ಇನ್ನೊಂದು ಸೂಜಿ ಆಕಿ!" ಎಂದು ಬಾಗಿಲಲ್ಲೇ ಕೂಗಿದೆ.

"ಆಗಲ್ಲಪ್ಪಾ. ಇನ್ನೇನು ಕೂಸು ಬಂದ್ಬಿಡ್ತದೆ. ಈಗ ಆಕಿದ್ರೆ ಅದೂ ಮಂಪರಲ್ಲೇ ಬತ್ತದೆ, ಉಸಿರೆಳ್ಕೊಳಕ್ಕೆ ಕಷ್ಟ."

"ಅವ್ಳು ಸತ್ತೋದ್ರೆ?"

"ಗಣೀಲಿ ಮದ್ದು ಸಿಡಿಸಿದ್ ಮೇಲೆ ಒಗೆ ಆರೋಗಂಟ ಕಾಯ್ತೀಯೋ, ನುಗ್ತೀಯೋ? ಅಂಥಾ ಒಗೇಲಿ ನಿನ್ ಕೂಸ್ನ ಬಾ ಅಂತೀಯಾ?"

ಹೊಗೆಗೆ ನುಗ್ಗಿದವರನ್ನು ಹೊತ್ತು ತಂದ ಕೈ ನನ್ನದು. ನರ್ಸಮ್ಮ ಆ ಕೈಗೇ ಬೆಚ್ಚಗಿನ ಹರಳೆಣ್ಣೆ ಸುರಿದು, "ಒಳಗ್ ಬಾ, ಸೊಂಟ ತಿಕ್ಕು" ಎಂದರು. ಗಂಡಸು ಹೆರಿಗೆ ಕೋಣೆಗೆ ಕಾಲಿಡುವ ಕಾಲವೇ ಅದು? ಆದರೂ ಹೋದೆ. ನೋವು ಹೋಗಲಿಲ್ಲ, ಕಿರುಚಾಟ ಮಾತ್ರ ನರಳಾಟಕ್ಕೆ ಇಳಿಯಿತು. ಮಗಳು ಹುಟ್ಟಿದ ಕೂಡಲೇ ಲೈನಿಗೆಲ್ಲ ಕೇಳುವಂತೆ ಅತ್ತಳು.

ಅಂಥ ಗಂಡ ಸಿಗಬೇಕು ಎಂದು ನರ್ಸಮ್ಮ ನಾಲ್ಕು ಮನೆಯಲ್ಲಿ ಹೊಗಳಿದರಂತೆ. ಪಾಳಿಯಲ್ಲಿ ಜೊತೆಗಾರರು, "ಏನ್ಲಾ ಸೂಲಗಿತ್ತೀ, ನಮ್ಮನೆಗೂ ಬತ್ತೀಯಾ?" ಎಂದು ನಕ್ಕರು.

"ನಾನು ಒಳಿಕ್ಕೇ ಓಗ್ಲಿಲ್ಲ ಕಣ್ರಲಾ. ಆಯಮ್ಮ ಸುಳ್ಳೇಳ್ತಾಳೆ" ಎಂದುಬಿಟ್ಟೆ.

ಆ ಮಾತು ನರ್ಸಮ್ಮನ ಕಿವಿಗೂ ಬಿತ್ತು. ತೊಟ್ಟಿಲ ದಿನ, ಹೆರಿಗೆ ಮಾಡಿಸಿದವರಿಗೆ ಸೀರೆ ಕೊಡುವುದು ನಮ್ಮಲ್ಲಿ ಪದ್ಧತಿ. ಎದುರು ನಿಲ್ಲಲಾರದೆ ಪಕ್ಕದ ಮನೆಯಾಕೆಯ ಕೈಲಿ ಹೊಸ ನೂಲಿನ ಸೀರೆ ಕಳಿಸಿದೆ. ಸೀರೆ ವಾಪಸ್ ಬಂತು. "ಸೊಂಟ ತಿಕ್ಕಿದ್ ಕೈಯಲ್ಲೇ ತಂದ್ಕೊಡ್ಲಿ, ಉಡ್ತೀನಿ" ಅಂದಿದ್ದರಂತೆ. ಇವತ್ತು ಹೋಗೋಣ, ನಾಳೆ ಹೋಗೋಣ... ಅಷ್ಟರಲ್ಲಿ ಅವರು ಮಾರಿಕುಪ್ಪಂನಲ್ಲಿ ರೈಲು ಹತ್ತಿ ತಮ್ಮೂರಿಗೆ ಹೊರಟುಹೋದರು. ಕೆಲ ವರ್ಷಕ್ಕೆ ತೀರಿಕೊಂಡ ಸುದ್ದಿ ಬಂತು.

ಮಗಳಿದ್ದ ಹೆರಿಗೆ ಕೋಣೆಯಿಂದ ಡಾಕ್ಟರು ಹೊರಬಂದು, ಬೆನ್ನಿಗೆ ಸೂಜಿ ಹಾಕಿದರೆ ನೋವು ತಗ್ಗುತ್ತದೆ, ತಾಯಿಯ ಬಿಪಿ ಇಳಿಯಬಹುದು, ಮಗುವಿನ ಎದೆಬಡಿತ ನೋಡುತ್ತಲೇ ಇರುತ್ತೇವೆ ಎಂದರು. ಪಕ್ಕದಲ್ಲಿದ್ದ ಅಳಿಯ ನನ್ನ ಮುಖ ನೋಡಿದ.

"ನನ್ನಲ್ಲ, ಅವ್ಳನ್ನ ಕೇಳಪ್ಪಾ. ಒಳಗೋಗು."

ಅವನು ಹೋದ. ನರ್ಸಮ್ಮ ಉಡದೇ ಉಳಿದ, ಈಗ ಎಣ್ಣೆ ಹತ್ತಿದ್ದ ಆ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಇಷ್ಟು ವರ್ಷ ಒಮ್ಮೆಯೂ ಬಿಚ್ಚದೆ ಇಟ್ಟಿದ್ದಕ್ಕೆ, ಮಡಿಕೆ ಮಡಿಕೆಯಲ್ಲೂ ನೂಲು ಹರಿದಿತ್ತು.