ನಾಲಿಗೆ ಜಪ್ತಿ

ನಾನು ಕರಿಕೋಟು ಹಾಕಿಕೊಂಡು ಕೊಪ್ಪಳದ ಕೋರ್ಟಿಗೆ ಹೋಗತೊಡಗಿದ ಹೊಸದರಲ್ಲಿ ಜನ ನನ್ನ ಹತ್ತಿರ ಬರುತ್ತಿದ್ದುದು ಕೇಸು ಕೊಡಲಿಕ್ಕಲ್ಲ, ನೋಡಲಿಕ್ಕೆ. ಎಂಬತ್ತರ ದಶಕದ ಆರಂಭ. ಹೆಣ್ಣುಮಗಳು ವಕೀಲಿ ಮಾಡುತ್ತಾಳಂತೆ ಎನ್ನುವುದು ನಮ್ಮ ಕಡೆ ಆಗ ಬಸ್ಸಿನಲ್ಲಿ ಮಾತಾಡಿಕೊಳ್ಳುವಂಥ ಸುದ್ದಿ. ಯಲಬುರ್ಗಾ ಕಡೆಯ ಒಬ್ಬ ಮುದುಕ ನನ್ನ ಸೀನಿಯರ್ ಮುಂದೆ ಕೂತು, "ಇವ್ರು ಜಗಳಾ ಆಡ್ತಾರೇನ್ರಿ, ಬರೇ ಬರಕೊಳ್ತಾರೇನ್ರಿ?" ಅಂತ ಕೇಳಿದ್ದ. "ನಿನ್ನ ಮನಿಯಾಕಿ ಜಗಳಾ ಆಡೂದಿಲ್ಲೇನು?" ಅಂದರು ಸೀನಿಯರ್. ಮುದುಕ ಸ್ವಲ್ಪ ವಿಚಾರ ಮಾಡಿ, ಸುಮ್ಮನೆ ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿದ.

ಸೀನಿಯರ್ ನಿಜಾಮನ ಕಾಲದಲ್ಲಿ ಉರ್ದುವಿನಲ್ಲಿ ಕಾನೂನು ಓದಿದವರು. ಕನ್ನಡದಲ್ಲಿ ವಾದ ಮಾಡುತ್ತಿದ್ದರು, ಸಿಟ್ಟು ಮಾತ್ರ ಉರ್ದುವಿನಲ್ಲಿ. ನನ್ನನ್ನು "ಬೇಟಿ" ಅನ್ನುತ್ತಿದ್ದರು. ತಪ್ಪು ಮಾಡಿದರೆ "ವಕೀಲ್ ಸಾಹೇಬಾ" ಅನ್ನುತ್ತಿದ್ದರು. ಹಾಗಾಗಿ ಆ ಮರ್ಯಾದೆಯ ಹೆಸರು ಕೇಳಿದರೆ ನಾನು ಮೊದಲು ಫೈಲು ತಿರುವಿ ತಪ್ಪು ಹುಡುಕುತ್ತಿದ್ದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲ ಕಡೆ ಅವರ ಕೇಸುಗಳಿದ್ದವು. ಕೆಂಪು ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ, ಪಕ್ಕದಲ್ಲಿ ಫೈಲು, ಫೈಲಿನ ಪಕ್ಕ ನಾನು.

ಆ ದಿನಗಳಲ್ಲಿ ಒಂದು ಮಧ್ಯಾಹ್ನ ಆಫೀಸಿನ ಬಾಗಿಲಲ್ಲಿ ಒಬ್ಬ ಹೆಂಗಸು ರೊಟ್ಟಿಯ ಗಂಟು ಹಿಡಿದು ನಿಂತಿದ್ದಳು. ತಾವರಗೇರಾ ಹತ್ತಿರದ ಹಳ್ಳಿಯವಳು. ಸೀನಿಯರ್ ಊಟಕ್ಕೆ ಹೋಗಿದ್ದರು.

"ಅಕ್ಕಾರ, ನನ್ನ ಗಂಡನ ಬಾಯಿ ಮುಚ್ಚಿಸ್ಯಾರ್ರಿ," ಅಂದಳು.

ಯಾರೋ ಬಾಯಿಗೆ ಬಟ್ಟೆ ತುರುಕಿದ್ದಾರೆ ಅಂದುಕೊಂಡು ನಾನು ಎದ್ದೇ ನಿಂತೆ. ಆಕೆ ಕೂತುಕೊಂಡು ಬಿಡಿಸಿ ಹೇಳಿದಳು. ಗಂಡ ಆಡು ಕುರಿ ಸಂತೆಗಳಲ್ಲಿ ದಲ್ಲಾಳಿ. ದನಿ ಅಣಕಿಸುವುದರಲ್ಲಿ ಅವನ ಸರಿಸಮ ಇಲ್ಲ. ಮರಿಯ ದನಿ ತೆಗೆದರೆ ಸಂತೆಯ ಆಡುಗಳೆಲ್ಲ ಕತ್ತು ತಿರುಗಿಸುತ್ತಿದ್ದವಂತೆ. ಬೇರೆ ತಾಲೂಕಿನ ಸಂತೆಯಲ್ಲಿ ಇನ್ನೊಬ್ಬ ದಲ್ಲಾಳಿಯ ಕೂಡ ಜಗಳವಾಗಿ, ಆ ದಲ್ಲಾಳಿಯ ಕೈ ಮುರಿದು, ಇವನನ್ನು ಅಲ್ಲಿನ ಸಬ್‌ಜೈಲಿಗೆ ಹಾಕಿದ್ದರು. ಜಾಮೀನಿಗೆ ನಿಲ್ಲಬೇಕಾದ ಭಾವ ಹಳೇ ಸಿಟ್ಟಿಗೆ ನಿಲ್ಲಲಿಲ್ಲ. ಮದುವೆಯೊಂದರಲ್ಲಿ ಇವನು ಆ ಭಾವನ ದನಿಯನ್ನೇ ಮಾಡಿ ಅಡುಗೆಯವರಿಂದ ಎರಡನೇ ಸಲ ಹೋಳಿಗೆ ತರಿಸಿಕೊಂಡಿದ್ದ.

ಆ ಸಬ್‌ಜೈಲು ಯಾವ ಊರಿನದು ಅಂತ ನಾನು ಬರೆಯುವುದಿಲ್ಲ. ಬರೆದರೆ ಒಂದು ಊರಿನವರು ಸಿಟ್ಟಾಗುತ್ತಾರೆ, ಉಳಿದ ಮೂರು ಊರಿನವರು ನಗುತ್ತಾರೆ. ಜೈಲು ಅಂದರೆ ಕಚೇರಿಯ ಹಿಂದೆ ನಾಲ್ಕು ಕೋಣೆ, ಒಂದು ಅಂಗಳ, ಒಂದು ಬೇವಿನ ಗಿಡ. ಮೇಲಿನ ಅಧಿಕಾರಿ ತಹಶೀಲ್ದಾರರು. ದಿನದ ರಾಜ್ಯಭಾರವೆಲ್ಲ ಜಮಾದಾರನದು. ಆತ ಬೆಳಿಗ್ಗೆ ಹಾಜರಿ ಎಣಿಸುವ ಮೊದಲು ಗಂಟಲು ಸರಿ ಮಾಡಿಕೊಳ್ಳುತ್ತಿದ್ದ. ಅದು ಬಾವಿಗೆ ಕೊಡ ಇಳಿದು, ಕಲ್ಲಿಗೆ ಬಡಿದು, ತುಂಬಿ ಮೇಲೆ ಬಂದಷ್ಟು ಉದ್ದದ ಸದ್ದು. ಆಮೇಲೆ "ಗಿನತೀ!" ಎನ್ನುವ ಕೂಗು, ಅಂದರೆ ಎಣಿಕೆ. ಕೈದಿಗಳೆಲ್ಲ ಸಾಲಾಗಿ ನಿಲ್ಲಬೇಕು.

ಒಂದು ಬೆಳಿಗ್ಗೆ ಇನ್ನೂ ಸರಿಯಾಗಿ ಬೆಳಕಾಗಿಲ್ಲ, ಆ ಗಂಟಲಿನ ಸದ್ದು ಬಂತು, ಆ ಕೂಗೂ ಬಂತು. ಕೈದಿಗಳು ಸಾಲಾಗಿ ನಿಂತರು, ಕತ್ತಲಲ್ಲೇ ಅದೇ ದನಿ ಎಣಿಸಿಯೂ ಮುಗಿಸಿತು, ಎಲ್ಲರೂ ಮತ್ತೆ ಕಂಬಳಿ ಹೊದ್ದು ಮಲಗಿದರು. ನಿಜವಾದ ಜಮಾದಾರ ಬಂದು ಕೂಗಿದಾಗ ಒಬ್ಬರೂ ಏಳಲಿಲ್ಲ. "ಈಗಿನ್ನ ಎಣಿಸಿ ಹೋದ್ರೆಲ್ರಿ ಸಾಹೇಬ್ರ, ಎಷ್ಟ ಸಲ ಎಣಿಸ್ತೀರಿ?" ಅಂದನಂತೆ ಒಬ್ಬ.

"ಅದಕ್ಕ ಅವನೊಬ್ಬನ್ನ ಕತ್ತಲಕೋಣ್ಯಾಗ ಹಾಕ್ಯಾರ್ರಿ. ಒಂದು ತಿಂಗಳು ಮಾತಾಡಬಾರದಂತ. ನನಗ ಭೇಟಿ ಕೊಡವಲ್ರು. ರೊಟ್ಟಿ ಸೈತ ಒಳಗ ಬಿಡವಲ್ರು," ಅಂದಳು ಆಕೆ. ರೊಟ್ಟಿಯ ಗಂಟು ತೊಡೆಯ ಮೇಲಿಟ್ಟುಕೊಂಡು, "ಮನ್ಯಾಗ ಅವ ಒಂದು ತಿಂಗಳು ಸುಮ್ನಿದ್ದಿದ್ರ ನಾ ದೇವ್ರಿಗೆ ಕಾಯಿ ಒಡಿತಿದ್ದೆ. ಆದ್ರ ಇದು ಬ್ಯಾರೆ ಅಲ್ರೀ?" ಅಂದಳು.

ಬೇರೆಯೇ. ಎಷ್ಟು ಬೇರೆ ಅಂತ ಹೇಳುವಷ್ಟು ಕಾನೂನು ಮಾತ್ರ ನನಗೆ ಆಗ ಗೊತ್ತಿರಲಿಲ್ಲ.

ಸೀನಿಯರ್ ಬಂದು ಎಲ್ಲ ಕೇಳಿದರು. ಗಿನತಿಯ ಭಾಗ ಬಂದಾಗ ಅವರ ಗಡ್ಡ ಅಲುಗಿತು, ಆದರೆ ನಗಲಿಲ್ಲ. ಕತ್ತಲಕೋಣೆ ಅಂದಾಗ ಕನ್ನಡಕ ತೆಗೆದಿಟ್ಟರು. "ನೋಡ ಬೇಟಿ, ಕೋರ್ಟು ಈ ಮನಷ್ಯಾನ ಅಡ್ಡಾಡೂದು ಬಂದ್ ಮಾಡೈತಿ. ನಾಲಿಗಿ ಜಪ್ತಿ ಮಾಡಿಲ್ಲ. ಎರಡರ ನಡುವಿನ ಫರಕು ಜಮಾದಾರಗ ಗೊತ್ತಿಲ್ಲಂದ್ರ ನಡೀತೈತಿ, ತಹಶೀಲ್ದಾರಗ ಗೊತ್ತಿರಬೇಕು." ಕಪಾಟಿನಿಂದ ಧೂಳು ಕೊಡವಿ ಎರಡು ಕಾನೂನು ವರದಿ ಪುಸ್ತಕ ಕೊಟ್ಟರು. ಜೈಲಿನ ಬಾಗಿಲು ದಾಟಿದ ಮಾತ್ರಕ್ಕೆ ಮನುಷ್ಯನ ಮೂಲಭೂತ ಹಕ್ಕುಗಳೆಲ್ಲ ಹೊರಗೆ ಉಳಿಯುವುದಿಲ್ಲ ಅಂತ ದಿಲ್ಲಿಯ ದೊಡ್ಡ ಕೋರ್ಟು ಆಗಷ್ಟೇ ಹೇಳತೊಡಗಿತ್ತು. ತುರ್ತು ಪರಿಸ್ಥಿತಿ ಮುಗಿದು ಬಹಳ ವರ್ಷ ಆಗಿರಲಿಲ್ಲ. ಬಾಯಿ ಮುಚ್ಚಿಸುವುದು ಅಂದರೇನು ಅಂತ ದೊಡ್ಡವರಿಗೂ ಒಂದಿಷ್ಟು ಗೊತ್ತಾಗಿತ್ತು. "ಕೇಸು ನೀನ ನಡಸು," ಅಂದರು.

ಮರುದಿನ ಜೈಲಿಗೆ ಹೋದೆ. ವಕೀಲರನ್ನು ತಡೆಯುವಂತಿಲ್ಲ ಅಂತ ಜಮಾದಾರನಿಗೆ ಗೊತ್ತಿತ್ತು. ಆದರೆ ವಕೀಲರು ಹೀಗೂ ಇರುತ್ತಾರೆ ಅಂತ ಗೊತ್ತಿರಲಿಲ್ಲ. "ನೀವು ಅವನ ತಂಗಿ ಏನ್ರಿ?" ಅಂತ ಕೇಳಿ, ಕೋಟು ನೋಡಿ, ಬಾಗಿಲು ತೆಗೆದ. ತಹಶೀಲ್ದಾರರ ಸಹಿಯಿದ್ದ ಆದೇಶದ ನಕಲು ಕೇಳಿ ಇಸಿದುಕೊಂಡೆ. ಅದರಲ್ಲಿ, ಸದರಿ ಬಂದಿಯು ಒಂದು ತಿಂಗಳ ಕಾಲ ಮಾತನಾಡತಕ್ಕದ್ದಲ್ಲ, ಹಾಡತಕ್ಕದ್ದಲ್ಲ, ಯಾವುದೇ ಪ್ರಾಣಿ, ಪಕ್ಷಿ ಅಥವಾ ಅಧಿಕಾರಿಯ ಧ್ವನಿ ಹೊರಡಿಸತಕ್ಕದ್ದಲ್ಲ ಅಂತ ಬರೆದಿತ್ತು. ಪ್ರಾಣಿ, ಪಕ್ಷಿ, ಅಧಿಕಾರಿ. ಆ ಅನುಕ್ರಮವನ್ನು ಬರೆದ ಗುಮಾಸ್ತ ಮುಗ್ಧನೋ ಕಿಡಿಗೇಡಿಯೋ ನನಗೆ ಇಂದಿಗೂ ಗೊತ್ತಾಗಿಲ್ಲ.

ಆ ಮನುಷ್ಯನನ್ನು ಅಂಗಳಕ್ಕೆ ಕರೆತಂದಾಗ ನನ್ನ ನಗೆ ಇಳಿದುಹೋಯಿತು. ಅವನನ್ನು ಇಟ್ಟಿದ್ದು ಹಳೇ ಕಾಲದಲ್ಲಿ ಕಾಳು ತುಂಬುತ್ತಿದ್ದ ಕೋಣೆಯಲ್ಲಿ. ಬೆಳಕು ಬರಲಿಕ್ಕೆ ಸೂರಿನ ಹತ್ತಿರ ಒಂದು ಕಿಂಡಿ ಅಷ್ಟೇ. ಅವನು ಬಿಸಿಲಿಗೆ ಕಣ್ಣು ಮುಚ್ಚಿಕೊಂಡು ನಿಂತ. ಜಮಾದಾರನನ್ನು ದೂರ ಹೋಗಿ ನಿಲ್ಲಲು ಹೇಳಿದೆ. ಆತ ಬೇವಿನ ಗಿಡದ ತನಕ ಹೋದ, ಕಿವಿ ಮಾತ್ರ ಇಲ್ಲೇ ಬಿಟ್ಟು ಹೋದ.

"ಈಗ ಮಾತಾಡು, ವಕೀಲರ ಮುಂದ ಮಾತಾಡಬಹುದು," ಅಂದೆ.

ಬಹಳ ಸಣ್ಣ ದನಿಯಲ್ಲಿ ಅಂದ: "ಬರವಲ್ತ್ರಿ ಅಕ್ಕಾರ. ಮೊದಲನೇ ದಿನ ಒಳಗ ಎಲ್ಲಾರ ದನಿ ಮಾಡಿದೆ. ನಮ್ಮಪ್ಪಂದು, ಹೆಂಡ್ತಿದು, ಆಡಿಂದು. ಆಮ್ಯಾಲೆ ಕೇಳಾವ್ರ ಯಾರೂ ಇಲ್ಲ ಅನ್ನಿಸಿತು. ಕೇಳಾವ್ರು ಇಲ್ಲಂದ್ರ ಅದು ದನಿ ಅಲ್ರಿ, ಬರೇ ಗಾಳಿ. ಮುಂದ ನನ್ನ ದನಿ ಯಾವ್ದು ಅಂತ ನನಗ ಮರ್ತಂಗ ಆತು."

ಆಮೇಲೆ, "ನಾ ಜಮಾದಾರನ ಮ್ಯಾಲೆ ಸಿಟ್ಟಿಗೆ ಮಾಡಿದ್ದಲ್ರಿ. ಅವ್ರ ಗಂಟ್ಲ ಭಾಳ ಛಲೋ ಐತಿ. ಹಂಗ ಸುಮ್ನ ಬಿಡಾಕ ಆಗಲಿಲ್ಲ," ಅಂದ. ಕಲಾವಿದರು ಹಾಗೆಯೇ. ಅಪರಾಧದಲ್ಲೂ ಮೆಚ್ಚುಗೆ ಇರುತ್ತದೆ.

ಮುನ್ಸೀಫರ ಮುಂದೆ ಅರ್ಜಿ ಹಾಕಿದೆ. ಅವರು ಧಾರವಾಡದ ಕಡೆಯಿಂದ ವರ್ಗವಾಗಿ ಬಂದಿದ್ದ ಗಂಭೀರ ಮನುಷ್ಯ. ಅವರು ನಕ್ಕಿದ್ದನ್ನು ಯಾರೂ ನೋಡಿರಲಿಲ್ಲ. ವಿಚಾರಣೆಯ ದಿನ ಹಿಂದಿನ ಬೆಂಚಿನಲ್ಲಿ ಬೇರೆ ಕೇಸುಗಳಿಗೆ ಅದೇ ಸಬ್‌ಜೈಲಿನಿಂದ ಕರೆತಂದ ಮೂವರು ಕೈದಿಗಳು ಕೂತಿದ್ದರು. ನಮ್ಮವನು ಕಟಕಟೆಯ ಪಕ್ಕ ನಿಂತಿದ್ದ. ಅವನ ಹೆಂಡತಿ ಬಾಗಿಲ ಬಳಿ ನಿಂತಿದ್ದಳು, ಆಕೆಯ ಪಕ್ಕದಲ್ಲಿ ಮುನಿಸಿಕೊಂಡಿದ್ದ ಭಾವ. ಜಾಮೀನು ಕೊಡಲು ಬಂದವನಲ್ಲ, ಮೋಜು ನೋಡಲು ಬಂದವನು.

ಮುನ್ಸೀಫರು ಜಮಾದಾರನನ್ನು ಕೇಳಿದರು: "ಈ ಬಂದಿ ಏನು ಅಪರಾಧ ಮಾಡಿದ?"

"ನನ್ನಂಗ ಅಂದಾನ್ರಿ ಸಾಹೇಬ್ರ."

"ನಿನ್ನಂಗ ಅಂದ್ರ?"

"ನಾ ಅಂತೀನೆಲ್ರಿ, ಹಂಗ."

"ನೀ ಹೆಂಗ ಅಂತಿ ಅನ್ನೂದು ಕೋರ್ಟಿಗೆ ಹೆಂಗ ಗೊತ್ತಾಗಬೇಕು?" ಮುನ್ಸೀಫರು ನಮ್ಮವನ ಕಡೆ ತಿರುಗಿ, "ನೀನ ತೋರಿಸು," ಅಂದರು.

ಅವನು ಬಾಯಿ ಮೇಲೆ ಅಂಗೈ ಇಟ್ಟುಕೊಂಡು ತಲೆ ಅಲ್ಲಾಡಿಸಿದ. ನಾನು ಎದ್ದು, "ಸ್ವಾಮಿ, ಆದೇಶ ಇನ್ನೂ ಜಾರಿಯಲ್ಲಿದೆ. ಅಧಿಕಾರಿಯ ಧ್ವನಿ ಹೊರಡಿಸಿದರೆ ಅವನಿಗೆ ಇನ್ನೊಂದು ಶಿಕ್ಷೆಯಾದೀತು," ಅಂದೆ. ಏಳುವ ಅವಸರದಲ್ಲಿ ಒಂದು ಚಪ್ಪಲಿ ಬಿಟ್ಟು ಎದ್ದಿದ್ದೆ. ಸೀರೆ ಉಟ್ಟವರಿಗೆ ಅದೊಂದು ಅನುಕೂಲ, ಯಾರಿಗೂ ಕಾಣುವುದಿಲ್ಲ.

"ಹಂಗಾದ್ರ ಜಮಾದಾರ ನೀನ ಅನ್ನು, ಅವ ಹೆಂಗ ಅಂದ ಅನ್ನೂದನ್ನ."

ಜಮಾದಾರ ಟೋಪಿ ಸರಿಮಾಡಿಕೊಂಡ. ಕೆಲಸವೆಂದರೆ ಕೆಲಸ, ಅರ್ಧ ಮಾಡಿ ಗೊತ್ತಿರಲಿಲ್ಲ ಪಾಪ. ಕೊಡ ಬಾವಿಗೆ ಇಳಿಯಿತು, ಕಲ್ಲಿಗೆ ಬಡಿಯಿತು, ತುಂಬಿ ಮೇಲೆ ಬಂತು. "ಗಿನತೀ!"

ಹಿಂದಿನ ಬೆಂಚಿನ ಮೂವರು ಕೈದಿಗಳು ಎದ್ದು ಗೋಡೆಗುಂಟ ಸಾಲಾಗಿ ನಿಂತರು.

ಭಾವ ಮೊದಲು ನಕ್ಕ, ಆಮೇಲೆ ಇಡೀ ಕೋರ್ಟು. ಮುನ್ಸೀಫರು ಮೇಜಿನ ಕೆಳಗೆ ಬಿದ್ದ ಪೆನ್ನು ಹುಡುಕಲು ಬಗ್ಗಿದರು, ಪೆನ್ನು ಅವರ ಕೈಯಲ್ಲೇ ಇತ್ತು. ಮೇಲೆ ಬರಲು ಬಹಳ ಹೊತ್ತು ಹಿಡಿಯಿತು. ಜಮಾದಾರ ಮಾತ್ರ ನಗಲಿಲ್ಲ. ನಗು ನಿಂತ ಮೇಲೆ ಆತ ಮೆಲ್ಲಗೆ ಹೇಳಿದ: "ನಗ್ರಿ ಸಾಹೇಬ್ರ. ಹಿಂದ ಒಮ್ಮಿ ಗಿನತಿ ತಪ್ಪಿ ಒಬ್ಬ ಓಡಿ ಹೋಗಿದ್ದ. ನನ್ನ ನೌಕರಿ ಅಮಾನತು ಮಾಡಿದ್ರು. ಮನ್ಯಾಗ ಒಲಿ ಹೊತ್ತಲಿಲ್ಲ. ನನಗ ಗಿನತಿ ಅಂದ್ರ ಚ್ಯಾಷ್ಟಿ ಅಲ್ರಿ."

ನಾನು ತೆರೆದಿಟ್ಟುಕೊಂಡಿದ್ದ ಕಾನೂನು ಪುಸ್ತಕ ಮುಚ್ಚಿದೆ. ಹಿಂದೆ ಕೂತಿದ್ದ ಸೀನಿಯರ್, "ಮಾತು ಮುಗಸು ಬೇಟಿ, ಅವನೂ ಖರೇನ ಹೇಳ್ಯಾನ," ಅಂದರು. ನಾನು ಮುಗಿಸಿದೆ. ಹಾಜರಿಯ ಹೊತ್ತಿನ ಶಿಸ್ತು ಜೈಲಿಗೆ ಬೇಕು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಶಿಕ್ಷೆ ಕೊಡುವ ಮೊದಲು ಅವನನ್ನು ಒಂದು ಮಾತು ಕೇಳಬೇಕಿತ್ತು, ಶಿಕ್ಷೆ ತಪ್ಪಿನ ಅಳತೆಗೆ ಇರಬೇಕಿತ್ತು. ಹೆಂಡತಿಯ ಭೇಟಿ, ಬೆಳಕು, ಮಾತು, ಇವು ಮೂರೂ ಅವನು ಅಂದ ಒಂದು ಕೂಗಿಗೆ ಬೆಲೆಯಾಗಬಾರದು. ಅಷ್ಟೇ ನನ್ನ ವಾದ. ಮನೆಯಲ್ಲಿ ಕನ್ನಡಿಯ ಮುಂದೆ ಇದರ ನಾಲ್ಕು ಪಟ್ಟು ಉದ್ದ ಇತ್ತು.

ಮುನ್ಸೀಫರು ಅಂದೇ ಸಂಜೆ ಆದೇಶ ಓದಿದರು. ಕತ್ತಲಕೋಣೆ ರದ್ದು. ಮೌನದ ಆದೇಶ ರದ್ದು. ಹೆಂಡತಿಗೆ ಭೇಟಿ, ರೊಟ್ಟಿಗೆ ಪ್ರವೇಶ. ಹಾಜರಿಯ ಹೊತ್ತಿನಲ್ಲಿ ಜಮಾದಾರನ ದನಿ ಮಾಡಿದ್ದು ತಪ್ಪು, ಅದಕ್ಕೆ ಬಂದಿಯ ಮಾತು ಕೇಳಿ ಬರಹದಲ್ಲಿ ಎಚ್ಚರಿಕೆ ಕೊಡಬಹುದು. ಸಂಜೆ ಊಟದ ನಂತರ ಅಂಗಳದಲ್ಲಿ ಯಾರ ದನಿ ಮಾಡಿದರೂ ಅದು ಜೈಲಿನ ಭದ್ರತೆಗೆ ಧಕ್ಕೆ ಅಲ್ಲ.

ಭಾವ ಅಲ್ಲಿಯೇ ಜಾಮೀನಿಗೆ ನಿಲ್ಲುತ್ತೇನೆ ಅಂದ. ಹೋಳಿಗೆಯ ಸಿಟ್ಟು ನಗುವಿನಲ್ಲಿ ಹೋಗಿತ್ತು. ಆದರೆ ಜಾಮೀನಿಗೆ ತೋರಿಸಲು ಹೊಲದ ಕಾಗದ ಬೇಕು, ಅದನ್ನು ಊರಿನಿಂದ ತರಬೇಕು. ಹೀಗಾಗಿ ನಮ್ಮವನು ಇನ್ನೂ ಕೆಲವು ದಿನ ಒಳಗೇ ಇದ್ದ. ಹೊರಗೆ ಹೋಗುವಾಗ ಜಮಾದಾರ ನನ್ನನ್ನು ಮೂಲೆಗೆ ಕರೆದು ಕೇಳಿದ: "ಬಾಯಾರ, ಖರೇ ಹೇಳ್ರಿ. ನನ್ನ ಗಂಟ್ಲ ಹಂಗ ಐತೇನ್ರಿ?"

"ಸ್ವಲ್ಪ ಐತ್ರಿ," ಅಂದೆ.

"ಮನ್ಯಾಗ ಹೇಳತಿದ್ರು. ನಾ ನಂಬಿದ್ದಿಲ್ಲ."

ಆಮೇಲೆ ಜೈಲಿಗೆ ಹೋದಾಗ ಒಂದು ಸಂಜೆಯ ಆಟ ನಾನೂ ನೋಡಿದೆ. ಮೊದಲು ಅವನಿಗೆ ದನಿ ಸರಿಯಾಗಿ ಬರಲಿಲ್ಲ. ಮರಿಯ ದನಿ ಒಡೆಯಿತು. ಒಬ್ಬ ಕೈದಿ ನೀರು ಕೊಟ್ಟ. ಇನ್ನೊಬ್ಬ, "ಅವಸರ ಇಲ್ಲೋ, ಎಲ್ಲಿಗೆ ಹೋಗಬೇಕಾಗೈತಿ ನಮಗ," ಅಂದ. ಮೆಲ್ಲಮೆಲ್ಲಗೆ ಸಂತೆ ಬಂತು, ಬಸ್ಸು ಬಂತು, ಗಂಗಾವತಿಯ ಅಕ್ಕಿ ಗಿರಣಿಯ ಭೋಂಗಾದ ಕೂಗು ಬಂತು. ಜಮಾದಾರ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದ. ಆ ಬೆನ್ನು ಕುಣಿಯುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು.

"ಮುನ್ಸೀಫ್ ಸಾಹೇಬ್ರನ್ನ ಮಾಡೋ," ಅಂತ ಯಾರೋ ಕೇಳಿದರು.

"ಒಲ್ಲೆಪಾ," ಅಂದ ಅವನು. "ಹಕ್ಕು ಐತಿ, ಖರೇ. ಆದ್ರ ನನ್ನ ಕೇಸು ಇನ್ನೂ ಅವ್ರ ಕೈಯಾಗ ಐತಿ."

ಇದನ್ನು ಸೀನಿಯರ್‌ಗೆ ಹೇಳಿದೆ. "ಇವಗ ವಕೀಲಿ ಕಲಿಸಬೇಕಿತ್ತು," ಅಂದರು.

ಜಾಮೀನಿನ ಕಾಗದ ಬಂದ ದಿನ ನಾವೆಲ್ಲ ಕೂಡಿ ಬಸ್‌ಸ್ಟ್ಯಾಂಡಿಗೆ ನಡೆದೆವು. ಕೈ ಮುರಿದ ದಲ್ಲಾಳಿಯ ಕೂಡ ರಾಜಿಯಾದದ್ದು ಮುಂದೆ, ಸುಗ್ಗಿ ಕಳೆದ ಮೇಲೆ. ಅಂದು ಅವನು ಹೆಚ್ಚು ಮಾತಾಡಲಿಲ್ಲ. ಹೆಂಡತಿ ಚಹಾ ಕುಡಿಸಿದಳು, ಮಂಡಾಳ, ಅಂದರೆ ಚುರುಮುರಿ, ತಿನ್ನಿಸಿದಳು, ಮಕ್ಕಳ ಸುದ್ದಿ ಹೇಳಿದಳು. ಎಲ್ಲಕ್ಕೂ ಹೂಂ ಅಂದ. ಆ ಕೋಣೆ ಅವನದೇನನ್ನೋ ಇಟ್ಟುಕೊಂಡಿದೆ, ಅದನ್ನು ಯಾವ ಆದೇಶವೂ ವಾಪಸು ಕೊಡಿಸಲಾರದು ಅಂತ ನನಗೆ ಅನ್ನಿಸಿತು. ಗೆದ್ದೆ ಅಂದುಕೊಂಡಿದ್ದ ಕೇಸು ಸ್ವಲ್ಪ ಸಣ್ಣದಾಯಿತು.

ಅಷ್ಟರಲ್ಲಿ ಬಸ್ಸು ಬಂತು. ಮೂಗಿನಿಂದ ಮಾತಾಡುವ ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಊರುಗಳ ಹೆಸರನ್ನು ಒಂದೇ ಉಸಿರಿನಲ್ಲಿ ಕೂಗಿದ. ನಮ್ಮವನು ಚಹಾದ ಬಟ್ಟಲು ಕೆಳಗಿಟ್ಟು, ತಲೆ ಒಂದು ಕಡೆ ವಾಲಿಸಿ, ಬಹಳ ಲಕ್ಷ್ಯಗೊಟ್ಟು ಕೇಳತೊಡಗಿದ.

"ನೋಡ್ರಿ ಅಕ್ಕಾರ," ಅಂದಳು ಹೆಂಡತಿ, ಗಂಟು ಎತ್ತಿಕೊಳ್ಳುತ್ತ. "ಶುರು ಆತು."