ಮೆಣಸಿನಕಾಯಿ ಮನೆತನದ ಬೀಡಿಕರ್

ಆ…ಕ್ಷಿ.

ಎಪ್ಪತ್ತರ ದಶಕದ ನಮ್ಮ ಕಾನ್ವೆಂಟ್ ಎಂದರೆ ನನಗೆ ಈಗಲೂ ಕೇಳಿಸುವುದು ಈ ಸೀನು. ಬೆಳಗಾವಿಯ ಕ್ಯಾಂಪ್ ಏರಿಯಾ, ಬೆಳಗಿನ ಅಟೆಂಡೆನ್ಸ್. ಸಿಸ್ಟರ್ ನನ್ನ ಸರ್‌ನೇಮ್ 'ಮೆಣಸಿನಕಾಯಿ' ಎಂದು ಕರೆದ ಕೂಡಲೇ ಹಿಂದಿನ ಬೆಂಚಿನವರು ಒಬ್ಬೊಬ್ಬರಾಗಿ ಸೀನುತ್ತಿದ್ದರು. ಸಿಸ್ಟರ್ ಕೂಡ ಕರ್ಚೀಫ್ ಹಿಡಿದು ನಗು ನುಂಗುತ್ತಿದ್ದರು.

(ಈ ಅಂಕಣದ ಮೇಲೆ ಪ್ರತಿ ವಾರ 'ಬೀಡಿಕರ್' ಎಂದಿರುತ್ತದಲ್ಲ ಎನ್ನುತ್ತೀರಾ? ಅಲ್ಲಿಗೇ ಬಂದೆ.)

ಕಳೆದ ವಾರ ಸದಾಶಿವನಗರದಿಂದ ತಮ್ಮನ ಮೊಮ್ಮಗಳು ಫೋನ್ ಮಾಡಿದ್ದಳು. ಸ್ಕೂಲ್ ಪ್ರಾಜೆಕ್ಟ್. "ಅಜ್ಜಿ, ನಮ್ಮ ಸರ್‌ನೇಮ್ ಹೆಂಗ ಬಂತು?"

ಹೇಳಿದೆ. ನನ್ನ ಅಜ್ಜನ ತಾಯಿ, ಬೀಡಿ ಊರಿನ ಬಸವ್ವ. ಗಂಡ ಸತ್ತ ಮೇಲೆ ಒಣಮೆಣಸಿನಕಾಯಿ ಬುಟ್ಟಿ ಹೊತ್ತು ಖಾನಾಪುರದ ಸಂತೆಗೆ ನಡೆದು ಹೋಗುತ್ತಿದ್ದಳು. ಮಗನ ಹೆಸರು ಹಚ್ಚಲು ಸಾಲಿಗೆ ಹೋದಾಗ ಮಾಸ್ತರರು ಅಡ್ಡಹೆಸರು ಕೇಳಿದರು. ಅಂಥದ್ದೊಂದು ಬೇಕೆಂದೇ ಅವಳಿಗೆ ಗೊತ್ತಿರಲಿಲ್ಲ. "ಮೆಣಸಿನಕಾಯಿ ಬಸವ್ವನ ಮಗಾರೀ" ಎಂದರು ಬಾಜೂಕ ನಿಂತವರು. ಮಾಸ್ತರರು ಅದನ್ನೇ ಬರೆದುಕೊಂಡರು. ಅಜ್ಜ ಈ ಕಥೆಯನ್ನು ಎಷ್ಟು ಸಲ ಹೇಳಿದ್ದನೋ. ಪ್ರತಿ ಸಲವೂ ರುಮಾಲು ಸರಿಮಾಡಿಕೊಂಡು.

"ಸೋ ಕೂಲ್, ಅಜ್ಜಿ. ಮತ್ತ ನೀವ್ಯಾಕ ಬಿಟ್ರಿ?"

ನೆಟ್‌ವರ್ಕ್ ಇಲ್ಲವೆಂದು ಫೋನ್ ಇಟ್ಟೆ. ಈ ವಯಸ್ಸಿನಲ್ಲಿ ಹೇಳುವ ಸುಳ್ಳೇ ಇದು?

ಯಾಕೆ ಬಿಟ್ಟೆ? ನನ್ನ ಫ್ರೆಂಡ್ಸ್ ಎಲ್ಲ 'ಕರ್'ಗಳು. ಊರ ಹೆಸರಿಗೆ 'ಕರ್' ಹಚ್ಚಿದರೆ ಯಾರೂ ಸೀನುವುದಿಲ್ಲ. ಹೈಸ್ಕೂಲಿನಲ್ಲಿ ಹಟ ಹಿಡಿದೆ, ಊಟ ಬಿಟ್ಟೆ. ಮೂರನೇ ದಿನ ಅಪ್ಪ ಹೆಸರು ಬದಲಿಸುವ ಅರ್ಜಿಗೆ ಸಹಿ ಹಾಕಿದರು. ಅಜ್ಜನಿಗೆ ಮಾತ್ರ ಯಾರೂ ಹೇಳಲಿಲ್ಲ.

ಆ ವರ್ಷ ಪ್ರೈಜ್ ಡೇಗೆ ಅಜ್ಜ ಬೀಡಿಯಿಂದ ಬಂದ. ಇಂಗ್ಲಿಷ್ ಎಸ್ಸೇ, ಫಸ್ಟ್ ಪ್ರೈಜ್, ಬೀಡಿಕರ್. ನಾನು ಎದ್ದು ಹೋದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜ ತಟ್ಟಲಿಲ್ಲ. ಅವನು ನಮ್ಮ ಹೆಸರಿಗಾಗಿ ಕಾಯುತ್ತಿದ್ದ.

ಗೇಟಿನ ಹತ್ತಿರ ಕೇಳಿದ, "ಯಾರದೋ ಹೆಸರು ಕೂಗಿದ್ರ ನೀ ಯಾಕ ಹ್ವಾದಿ, ತಂಗಿ?"

"ಸಿಸ್ಟರ್ ತಪ್ಪು ಓದಿದ್ರು, ಅಜ್ಜಾ."

"ಹಂಗಾದ್ರ ಹೇಳಿ ಬರ್ತೀನಿ ತಡಿ. ತಿದ್ದಕೊಳ್ಳಲಿ. ನಮ್ಮವ್ವನ ಹೆಸರದು."

ಆಫೀಸಿನ ಕಡೆ ತಿರುಗಿಯೇಬಿಟ್ಟ. ನಾನು ಅಂಗಿಯ ತೋಳು ಜಗ್ಗಿ ಹಿಡಿದೆ. ಅಜ್ಜ ನನ್ನ ಮುಖ ನೋಡಿದ, ಕೈಯಲ್ಲಿದ್ದ ಸರ್ಟಿಫಿಕೇಟ್ ನೋಡಿದ. ಇಂಗ್ಲಿಷ್ ಬಾರದು. ಆದರೂ ಓದಿದವನಂತೆ ಬಹಳ ಹೊತ್ತು ನೋಡಿದ.

"ಇರಲಿ ಬಿಡು," ಎಂದ.

ಖಾನಾಪುರದ ಬಸ್ಸಿಗೆ ಹತ್ತಿಸಿದೆ. ಮುಂದಿನ ರಜೆಗೆ ನಾನು ಬೀಡಿಗೆ ಹೋಗುವಷ್ಟರಲ್ಲಿ ಅವನಿರಲಿಲ್ಲ. ನಾನು ಕಂಡ ಕೊನೆಯ ಅಜ್ಜ ಆ ಬಸ್ಸಿನ ಕಿಟಕಿಯಲ್ಲಿದ್ದಾನೆ. ಪಕ್ಕದಲ್ಲಿ ಕೂತವನಿಗೆ ನನ್ನನ್ನು ಬೆರಳು ಮಾಡಿ ತೋರಿಸುತ್ತಿದ್ದಾನೆ.

ಯಾರ ಮನೆಯ ಹುಡುಗಿ ಎಂದು ಹೇಳಿದನೋ?