ಜಾಹೀರಾತಿಗೆ ಬಂದ ಮುಯ್ಯಾಳುಗಳು

ದೊಡ್ಡಕ್ಕ ಫೋನನ್ನು ಬೆರಳಿನ ಗೆಣ್ಣಿನಿಂದ ಒತ್ತುತ್ತಿದ್ದರು. ಕೆಸರಿನಲ್ಲಿ ಸಸಿ ಊರಿ ಊರಿ ಅವರ ಬೆರಳ ತುದಿಗಳು ದಡ್ಡುಗಟ್ಟಿದ್ದವು. ಆ ಬೆರಳು ಮುಟ್ಟಿದ್ದು ಫೋನಿನ ಗಾಜಿಗೆ ತಿಳಿಯುತ್ತಲೇ ಇರಲಿಲ್ಲ. "ನೋಡಿ ಟೀಚರೇ, ಇದರ ಕಣ್ಣಿಗೆ ನಾನು ಬೀಳೋದೇ ಇಲ್ಲ" ಎಂದು ನಗುತ್ತ, ಬಾಗಿಲು ತಟ್ಟುವವರ ಹಾಗೆ ಗೆಣ್ಣಿನಿಂದ ಕುಟ್ಟುವರು.

ಕಮ್ಮರಡಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ಊರಿನ ನಾಟಿ ಗುಂಪಿಗೆ ಅವರೇ ಯಜಮಾನಿ. ಕೂಲಿ ಕೆಲಸ ಬೇರೆ, ಮುಯ್ಯಿ ಬೇರೆ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ನಡುವೆ ದುಡ್ಡಿನ ಮಾತಿಲ್ಲ. ಮುಯ್ಯಿ ತಪ್ಪಿಸಿದವರ ಮನೆಯಲ್ಲಿ ಅವರು ಕಾಫಿಯನ್ನೂ ಕುಡಿಯುತ್ತಿರಲಿಲ್ಲ.

ನಾನು ಪಾಠ ಮಾಡುತ್ತಿದ್ದ ಖಾಸಗಿ ಶಾಲೆ ಮುಚ್ಚಿದ ಮೇಲೆ ಒಂದು ವೆಬ್‌ಸೈಟ್ ಶುರು ಮಾಡಿದೆ. ಪತ್ರೊಡೆ, ಕಳಲೆ ಪಲ್ಯ, ಅಪ್ಪೆಮಿಡಿ ಉಪ್ಪಿನಕಾಯಿ, ನಮ್ಮ ಕಡೆಯ ಅಡುಗೆಯನ್ನೆಲ್ಲ ಬರೆದೆ. ನಡುನಡುವೆ ಜಾಹೀರಾತುಗಳನ್ನು ಹಾಕುವುದು ಎಲ್ಲೋ ಇರುವ ಕಂಪನಿ. ಓದಲು ಬಂದವರು ಅದನ್ನು ಒತ್ತಿದರೆ ನನಗೊಂದು ಚೂರು ಪಾಲು. ಸಂಬಳ ನಿಂತ ಮನೆಗೆ ಅದೊಂದೇ ನನ್ನ ದುಡಿಮೆ. ಇದನ್ನೆಲ್ಲ ಜಗಲಿಯಲ್ಲಿ ಕೂತು ದೊಡ್ಡಕ್ಕನಿಗೆ ವಿವರಿಸಿದ್ದೂ ನಾನೇ. ಅವರು ಗಮನವಿಟ್ಟು ಕೇಳಿದ್ದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಒಂದು ಬೆಳಿಗ್ಗೆ ಕಂಪನಿಯಿಂದ ಮೇಲ್ ಬಂತು. ನಿಮ್ಮ ಪುಟದಲ್ಲಿ ಜಾಹೀರಾತುಗಳನ್ನು ಬೇಕೆಂದೇ ಒತ್ತಿಸಲಾಗಿದೆ, ಇನ್ನು ನಿಮಗೆ ಜಾಹೀರಾತು ಇಲ್ಲ. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ದೊಡ್ಡಕ್ಕ ಉತ್ಸಾಹದಿಂದ ಬಂದರು.

"ಎಂತ ಟೀಚರೇ, ಈ ಸಲ ಜಾಸ್ತಿ ಬಂತಾ? ನಮ್ಮ ಗುಂಪು ಪೂರಾ ಒತ್ತಿದೆ! ಊಟ ಆದ್ಮೇಲೆ ಗದ್ದೆ ಅಂಚಲ್ಲಿ ಕೂತು ದಿನಾ ಇದೇ ಕೆಲ್ಸ."

ನನಗೆ ಸಿಟ್ಟು ನೆತ್ತಿಗೇರಿತು. "ಎಲ್ಲ ಹಾಳು ಮಾಡಿದ್ರಲ್ಲ ದೊಡ್ಡಕ್ಕ! ಹಂಗೆ ಒತ್ತಿದ್ರೆ ಅವರು ಮೋಸ ಅಂತಾರೆ."

ಅವರ ಮುಖ ಸಣ್ಣಗಾಯಿತು. "ಮೋಸನಾ? ಒಬ್ಬರ ಗದ್ದೆಗೆ ಎಲ್ಲ ಸೇರಿ ಇಳಿಯೋದು ಮೋಸ ಹೆಂಗಾಗುತ್ತೆ ಮಾರಾಯ್ರೇ?"

ಕಂಪನಿಯ ನಿಯಮ ನನಗೆ ಗೊತ್ತಿತ್ತು, ಅದು ಸರಿಯೂ ಇತ್ತು. ಆದರೂ ಗೊತ್ತಿಲ್ಲದೆ ಆದದ್ದು ಎಂದು ಕಂಪನಿಗೆ ಬರೆದುಕೊಂಡೆ. ಅವರು ಒಪ್ಪಲಿಲ್ಲ.

ಆ ಸುದ್ದಿ ಕೇಳಿದ ಮರುದಿನ ದೊಡ್ಡಕ್ಕ ಮದುವೆಮನೆಗೆ ಉಡುವ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. "ಹೊರಡಿ ಕೊಪ್ಪಕ್ಕೆ. ಆ ಕಂಪನಿಗೆ ನಾವು ಯಾರು ಅಂತ ಗೊತ್ತಿಲ್ಲ. ಗೊತ್ತಿರೋ ಅಂಗಡಿಯೋರನ್ನೇ ಜಾಹೀರಾತು ಕೇಳಣ."

ಗ್ರೈಂಡರ್ ಅಂಗಡಿಯವರು ಮೊದಲು ಮೂಗು ಮುರಿದರು. "ಫೋನಲ್ಲಿ ನಮ್ಮ ಬೋರ್ಡ್ ಹಾಕಿದ್ರೆ ನಮಗೆಂತ ಸಿಗುತ್ತೆ?"

"ಪತ್ರೊಡೆ ಮಾಡೋದು ಓದಿದೋಳು ಅಕ್ಕಿ ಎಲ್ಲಿ ರುಬ್ತಾಳೆ? ಅವಳ ತಲೇಲಾ?" ಎಂದರು ದೊಡ್ಡಕ್ಕ.

ಅಂಗಡಿಯವರು ನಕ್ಕುಬಿಟ್ಟರು. ನಕ್ಕ ಮೇಲೆ ಇಲ್ಲ ಎನ್ನಲಾಗಲಿಲ್ಲ. ಪತ್ರೊಡೆಯ ಕೆಳಗೆ ಗ್ರೈಂಡರ್ ಬಂತು. ಇನ್ನೊಂದು ದಿನ ಶೃಂಗೇರಿಗೆ ಹೋಗಿ ಅಪ್ಪೆಮಿಡಿಯ ಕೆಳಗೆ ಜಾಹೀರಾತು ಹಾಕಲು ಉಪ್ಪಿನಕಾಯಿ ಭರಣಿ ಮಾರುವ ಅಂಗಡಿಯವರನ್ನು ಒಪ್ಪಿಸಿದೆವು. ಆಮೇಲೆ ಎನ್.ಆರ್. ಪುರದ ಪಾತ್ರೆ ಅಂಗಡಿ. ಕೂದಲೆಣ್ಣೆ, ಸಾಲದ ಜಾಹೀರಾತುಗಳಿದ್ದ ಜಾಗದಲ್ಲಿ ಈಗ ನಮ್ಮ ಓದುಗರಿಗೆ ಬೇಕಾದದ್ದೇ ಇತ್ತು. ಸೈಟು ಉಳಿಯಿತು, ಮೊದಲಿಗಿಂತ ಚೆನ್ನಾಗಿಯೇ ನಡೆಯಿತು.

ಮೊದಲ ದುಡ್ಡು ಬಂದಾಗ ಒಂದು ಪಾಲು ತೆಗೆದುಕೊಂಡು ಅವರ ಮನೆಗೆ ಹೋದೆ. ದೊಡ್ಡಕ್ಕ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.

"ಮುಯ್ಯಿಗೆ ದುಡ್ಡು ಕೊಡಕ್ಕೆ ಬಂದ್ರಾ? ಎಂತ ಓದಿದೀರಿ ನೀವು! ನಾಟಿಗೆ ಬನ್ನಿ."

ಆ ವರ್ಷ ಮೊದಲ ಬಾರಿಗೆ ಗದ್ದೆಗಿಳಿದೆ. ಸೊಂಟ ಬಿದ್ದುಹೋಯಿತು. ನನ್ನ ಸಾಲು ಹಾವು ಹರಿದ ಹಾಗೆ ಅತ್ತಿತ್ತ ಹೋಗಿತ್ತು. ಹೆಂಗಸರು ಮುಸಿಮುಸಿ ನಗುತ್ತಿದ್ದರು. ದೊಡ್ಡಕ್ಕ ಮಾತ್ರ ಹಿಂದಿನಿಂದ ಬಂದು ಒಂದೊಂದೇ ಸಸಿ ಕಿತ್ತು ನೆಟ್ಟಗೆ ಊರುತ್ತ, "ಇರಲಿ ಬಿಡಿ ಟೀಚರೇ, ಭತ್ತಕ್ಕೆ ಓದಕ್ಕೆ ಬರಲ್ಲ" ಎಂದರು. ಅಲ್ಲಿಂದ ಪ್ರತಿ ಮಳೆಗಾಲ ಹೋದೆ. ಅವರ ಗದ್ದೆಯ ಅಂಚಿನಲ್ಲಿ ಕೂತು ಉಂಡ ಊಟದಷ್ಟು ರುಚಿಯಾದದ್ದನ್ನು ನನ್ನ ಸೈಟಿನಲ್ಲಿ ಈವರೆಗೆ ಬರೆಯಲಾಗಿಲ್ಲ.

ಕಳೆದ ಬೇಸಿಗೆಯಲ್ಲಿ ದೊಡ್ಡಕ್ಕ ಹೋದರು. ಹೆಚ್ಚು ನರಳಲಿಲ್ಲ. ಮಳೆ ಹಿಡಿದು ಅವರ ಮನೆಯ ನಾಟಿ ಶುರುವಾದ ದಿನ, ಯಾರೂ ಕರೆಯದಿದ್ದರೂ ಹೋದೆ. ಅವರ ಸೊಸೆ ಸಂಕೋಚಪಟ್ಟಳು. "ನೀವ್ಯಾಕೆ ಬಂದ್ರಿ ಟೀಚರೇ? ಅತ್ತೆ ಮುಯ್ಯಿ ಯಾವತ್ತೋ ತೀರ್ತಲ್ಲ."

"ತೀರಿಲ್ಲ ಮಾರಾಯ್ತಿ" ಎಂದು ಸೀರೆ ಎತ್ತಿ ಕಟ್ಟಿ ಇಳಿದೆ.

ಮಧ್ಯಾಹ್ನ ಅಂಚಿನ ಮೇಲೆ ನಿಂತು ತಿರುಗಿ ನೋಡಿದೆ. ನನ್ನ ಸಾಲು ಎಂದಿನಂತೆ ಸೊಟ್ಟ. ಸರಿಮಾಡಲು ಹಿಂದೆ ಯಾರೂ ಇರಲಿಲ್ಲ. ಮತ್ತೆ ಇಳಿದು, ಒಂದೊಂದೇ ಸಸಿ ಕಿತ್ತು ನಾನೇ ನೆಟ್ಟಗೆ ಊರಿದೆ.